ಕಿವಿಯಲ್ಲಿ ಪಾಸಾದ ಕಣ್ಣು

ಠಕಠಕ ಎಂಬುದು ಅವನಿಗೆ ಪ್ರೆಸ್ಸಿನವರು ಇಟ್ಟ ಹೆಸರು. ಮೂವತ್ತು ವರ್ಷ ಒಂದೇ ಟ್ರೆಡಲ್ ಅಚ್ಚುಯಂತ್ರದ ಮುಂದೆ ನಿಂತವನು. ಯಂತ್ರ ಬಾಯಿ ತೆರೆದಾಗ ಒಂದು ಕೈ ಹಾಳೆ ಇಡಬೇಕು, ಇನ್ನೊಂದು ಕೈ ಅಚ್ಚಾದದ್ದನ್ನು ಎಳೆಯಬೇಕು, ಬಾಯಿ ಮುಚ್ಚುವುದರೊಳಗೆ ಎರಡೂ ಈಚೆಗೆ ಬರಬೇಕು. ಜೊತೆಯವರಲ್ಲಿ ಇಬ್ಬರ ಬೆರಳು ಹೋಗಿದ್ದವು. ಅವನ ಹತ್ತೂ ನೆಟ್ಟಗಿದ್ದವು.

"ನಾನು ನೋಡಿ ಹಾಕೋದಲ್ಲ, ಸದ್ದು ಕೇಳಿ ಹಾಕೋದು," ಎನ್ನುತ್ತಿದ್ದ.

ಊಟಕ್ಕೆ ಕೂತರೂ ಬೆರಳು ತಟ್ಟೆಯ ಅಂಚು ಬಡಿಯುತ್ತಿತ್ತು. ಅದೇ ಪ್ರೆಸ್ಸಿನಲ್ಲಿ ಹಾಳೆ ಮಡಚಿ, ಹೊಲಿದು, ಅಂಟು ಬಳಿಯುತ್ತಿದ್ದ ಹೆಂಡತಿ ಗದರುತ್ತಿದ್ದಳು. "ತಟ್ಟೆಗೂ ಅಚ್ಚು ಹಾಕ್ತೀರಾ? ಸುಮ್ನೆ ಉಣ್ಣಿ."

ಐವತ್ತೈದಕ್ಕೆ ಕನ್ನಡಕ ಬದಲಿಸಲು ಕಣ್ಣಾಸ್ಪತ್ರೆಗೆ ಹೋದ. ಡಾಕ್ಟರಮ್ಮ ಗ್ಲಾಕೋಮಾ ಶುರುವಾಗಿದೆ ಎಂದರು. ಕಣ್ಣೊಳಗಿನ ಒತ್ತಡಕ್ಕೆ ನರ ಸವೆಯುತ್ತದೆ. ನೋವಿಲ್ಲ. ನೋಟ ಬದಿಯಿಂದ ಕುಗ್ಗುತ್ತ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ.

"ಒತ್ತಡ ಇಳಿಸೋಕೆ ಹನಿ ಇದೆ. ಆದ್ರೆ ಇಷ್ಟು ಶುರುವಿನಲ್ಲೇ ಇಳಿಸಿದ್ರೆ ರೋಗ ನಿಧಾನ ಆಗುತ್ತಾ ಅಂತ ಖಚಿತವಾಗಿ ಗೊತ್ತಿಲ್ಲ. ಅದನ್ನೇ ನೋಡ್ತಿದ್ದೀವಿ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ತಪಾಸಣೆ. ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ. ಮೂರು ತಿಂಗಳಿಗೊಮ್ಮೆ ಬನ್ನಿ. ಕೆಟ್ಟಿದೆ ಅಂತ ಕಂಡ ದಿನವೇ ಹನಿ ಹಾಕ್ತೀವಿ."

ಅವನು ಸಹಿ ಹಾಕಿದ. ಪಾಲಿಗೆ ಬರೀ ತಪಾಸಣೆ ಬಂತು.

"ಹುಟ್ಟಿದಾಗಿಂದ ನನಗೆ ಹೊಡೆದ ಲಾಟರಿ ಇದೊಂದೇ ನೋಡು," ಎಂದು ನಕ್ಕ.

ತಪಾಸಣೆಯೆಂದರೆ ಕತ್ತಲೆ ಕೋಣೆಯಲ್ಲಿ ಒಂದು ಬಿಳಿ ಬಟ್ಟಲಿನೊಳಗೆ ಮುಖವಿಟ್ಟು ಕೂರುವುದು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ. ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು.

"ಕಾಣದಿದ್ರೆ ಒತ್ತಬೇಡಿ ಯಜಮಾನ್ರೇ. ಇದು ಪಾಸಾಗೋ ಪರೀಕ್ಷೆ ಅಲ್ಲ," ಎಂದು ಯಂತ್ರ ನಡೆಸುವ ಹುಡುಗಿ ಪ್ರತಿ ಸಲ ಹೇಳುತ್ತಿದ್ದಳು. ಅವನು ಪ್ರತಿ ಸಲ ಪಾಸಾಗಿ ಬರುತ್ತಿದ್ದ.

ಎರಡು ವರ್ಷ ಕಳೆಯಿತು. ಒಂದು ದಿನ ಬೆನ್ನು ಉಜ್ಜುವಾಗ ಹೆಂಡತಿಗೆ ಅವನ ಎಡ ಭುಜದಲ್ಲಿ ನೀಲಿ ಕಲೆ ಕಂಡಿತು.

"ಏನ್ರೀ ಇದು?"

"ಬಾಗಿಲು ದಪ್ಪ ಆಗಿದೆ ಕಣೆ, ನಿನ್ನ ಹಾಗೆ."

ಅವಳು ನಗಲಿಲ್ಲ. ಎಡಕ್ಕೆ ಇಟ್ಟ ಲೋಟ ಅವನು ಉರುಳಿಸುತ್ತಿದ್ದುದನ್ನು ತಿಂಗಳಿಂದ ನೋಡುತ್ತಿದ್ದಳು. ಬಿಡದೆ ಕೇಳಿದಳು. ಅವನು ಬಾಯಿಬಿಟ್ಟ. ಆ ಬಟ್ಟಲಿನ ಯಂತ್ರ ಆಗಾಗ ಬೆಳಕಿಲ್ಲದೆ ಬರೀ ಸದ್ದು ಮಾಡಿ ಜನರನ್ನು ಪರೀಕ್ಷಿಸುತ್ತದೆ. ನಿಜವಾಗಿ ಬೆಳಕು ಬಿಡುವಾಗ ಮಾತ್ರ ಒಳಗೊಂದು ಸಣ್ಣ ಟಿಕ್ ಕೇಳುತ್ತದೆ. ಬೇರೆಯವರಿಗೆ ಕೇಳದು. ಯಂತ್ರದ ಪಕ್ಕದಲ್ಲೇ ಹಣ್ಣಾದ ಕಿವಿ ಅವನದು. ಟಿಕ್ ಕೇಳಿದಾಗೆಲ್ಲ, ಬೆಳಕು ಕಾಣದಿದ್ದರೂ, ಗುಂಡಿ ಒತ್ತುತ್ತಿದ್ದ.

"ಅಯ್ಯೋ ನಿಮ್ಮ! ಯಾರಿಗೆ ಮೋಸ ಮಾಡ್ತಿದ್ದೀರಿ?"

"ಮಷಿನ್ನಿಗೆ."

"ಹನಿ ಹಾಕ್ತಿದ್ರಲ್ರೀ, ಕೆಟ್ಟಿದೆ ಅಂತ ಗೊತ್ತಾಗಿದ್ರೆ!"

"ಹನಿ ಹಾಕ್ತಾರೆ, ಪ್ರೆಸ್ಸಿನ ಯಜಮಾನ ಟ್ರೆಡಲ್‌ನಿಂದ ಇಳಿಸ್ತಾನೆ. ವಾರಕ್ಕೊಮ್ಮೆ ಕೇಳ್ತಾನೆ, ಕಣ್ಣು ಹೇಗಿದೆ ಅಂತ. ಆಮೇಲೆ ನಿಮ್ಮ ಹೆಂಗಸರ ಜೊತೆ ಕೂತು ಅಂಟು ಬಳೀಲಾ? ನೀನು ಬಾಯಿ ಬಿಟ್ಟರೆ ನನ್ನಾಣೆ."

ಮುಂದಿನ ಸಲ ಡಾಕ್ಟರಮ್ಮ ಅವಳನ್ನೂ ಒಳಗೆ ಕರೆದರು. ಗೋಡೆಯ ಮೇಲೆ ಅವನ ಕಣ್ಣಿನ ಫೋಟೋ ಬೆಳಗುತ್ತಿತ್ತು.

"ನರ ಸ್ವಲ್ಪ ಸವೆದ ಹಾಗಿದೆ. ಗುಂಡಿ ಪರೀಕ್ಷೆ ನೋಡಿದ್ರೆ ಏನೂ ಆಗಿಲ್ಲ. ಅದಕ್ಕೇ ಕೇಳ್ತಿದ್ದೀನಮ್ಮ. ಮನೇಲಿ ಎಲ್ಲಾದ್ರೂ ತಾಗಿಸ್ಕೊಳ್ತಾರಾ? ಎಡವುತ್ತಾರಾ?"

ಅವನು ಪಕ್ಕದಲ್ಲೇ ಕೂತಿದ್ದ. ಅವಳ ಕಡೆ ತಿರುಗಲಿಲ್ಲ. ಬೆರಳು ಮೊಣಕಾಲಿನ ಮೇಲೆ ಬಡಿಯುತ್ತಿತ್ತು.

"ಇಲ್ಲಮ್ಮ," ಎಂದಳು.

ಬಸ್ಸಿನಲ್ಲಿ ಅವನು ಅವಳ ಕೈ ಹಿಡಿದುಕೊಂಡ. ಮದುವೆಯಾದ ಮೇಲೆ ನಾಲ್ಕು ಜನರ ಎದುರು ಹಿಡಿದದ್ದು ಅದೇ ಮೊದಲು. ಅವಳಿಗೆ ಅದು ಚುಚ್ಚಿತು.

ಮತ್ತೊಂದು ವರ್ಷಕ್ಕೆ ಫೋಟೋದಲ್ಲೇ ಕಣ್ಣು ಕೆಟ್ಟದ್ದು ಬಯಲಾಯಿತು. ಹನಿ ಬಂತು, ಒತ್ತಡ ಇಳಿಯಿತು. ಯಜಮಾನ ಟ್ರೆಡಲ್‌ನಿಂದ ಇಳಿಸಿದ. ಹೆಂಗಸರ ಸಾಲಿನಲ್ಲಿ ಕೂತು ಅವನು ಅಂಟು ಬಳಿದ. ಯಾರೂ ಆಡಿಕೊಳ್ಳಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ಹನಿಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಏಳು ತಿಂಗಳಿಗೆ, ಮಧ್ಯಾಹ್ನ, ಪ್ರೆಸ್ಸಿನ ಎದುರಿನ ರಸ್ತೆ ದಾಟುವಾಗ ಎಡಗಡೆಯಿಂದ ವ್ಯಾನು ಬಂತು. ಅವನು ಅಲ್ಲೇ ಹೋದ. ಚಾಲಕ ಅಳುತ್ತ ಹೇಳಿದ. "ನನ್ನ ಕಡೆ ತಿರುಗಿದ್ರಮ್ಮ. ತಿರುಗಿ ನೋಡಿಯೂ ರಸ್ತೆಗೆ ಇಳಿದ್ರು."

ಅವಳು ಪ್ರೆಸ್ಸಿನೊಳಗಿಂದ ಓಡಿಬಂದಿದ್ದಳು. ಕೈತುಂಬ ಅಂಟು ಇತ್ತು.

ವರ್ಷ ಕಳೆದ ಮೇಲೆ ಆಸ್ಪತ್ರೆಯಿಂದ ಕಾಗದ ಬಂತು. ಹನಿಯ ಪರೀಕ್ಷೆ ಮುಗಿದಿದೆ, ಮನೆಯವರು ಬಂದರೆ ವಿವರ ಹೇಳುತ್ತೇವೆ ಎಂದಿತ್ತು. ಹೋದಳು. ಡಾಕ್ಟರಮ್ಮ ಕೂರಿಸಿ ಹೇಳಿದರು. ಒತ್ತಡ ಇಳಿಸಿದವರಲ್ಲಿ ಕಣ್ಣು ಕೆಟ್ಟದ್ದು ಕಡಿಮೆ ಜನಕ್ಕೆ, ಕೆಟ್ಟರೂ ತಡವಾಗಿ ಕೆಟ್ಟಿತು. ಹನಿ ಹಾಕಿದರೂ ಕೆಟ್ಟವರು ಬಹಳ ಮಂದಿ ಇದ್ದರು.

ಅವಳು ಕೇಳಿಸಿಕೊಂಡಳು. ಆಮೇಲೆ ಬಾಗಿಲು, ಟಿಕ್ಕು, ಆಣೆ, ಎಲ್ಲವನ್ನೂ ಹೇಳಿದಳು.

"ಆವತ್ತು ನಾನು ಹೌದು ಅಂದಿದ್ರೆ ಆ ವ್ಯಾನು ಅವರಿಗೆ ಕಾಣ್ತಿತ್ತಾ?"

ಡಾಕ್ಟರಮ್ಮ ಅವನ ಫೈಲು ಎಳೆದುಕೊಂಡರು. "ನೂರು ಜನ ಅಂದ್ರೆ ಹೇಳಬಲ್ಲೆ. ಒಬ್ಬರದು ನನಗೆ ಗೊತ್ತಾಗಲ್ಲಮ್ಮ."

"ನನಗಿದ್ದದ್ದು ಒಬ್ಬರೇ."

ಅವಳು ಆ ಫೈಲಿನ ಕಡೆ ಕೈ ತೋರಿಸಿದಳು.

"ಹಾಗಾದ್ರೆ ಬರ್ಕೊಳ್ಳಿ. ಹೆಂಡತಿ ಸುಳ್ಳು ಹೇಳಿದ್ಳು ಅಂತ."

"ಅದಕ್ಕೆ ಫಾರಂನಲ್ಲಿ ಜಾಗ ಇಲ್ಲಮ್ಮ."

"ಅಂಚಿನಲ್ಲಿ ಬರೀರಿ."

ಡಾಕ್ಟರಮ್ಮ ಬರೆದರು. ಅವಳು ಅದನ್ನು ಓದಿಸಿ ಕೇಳಿ, ಎದ್ದು ಹೊರಟಳು.