ನಾಲ್ಕು ನಿಮಿಷ ಎದ್ದುಹೋಗುವ ಗ್ರ್ಯಾಂಡ್‌ಮಾಸ್ಟರ್

ಸ್ವೀಡನ್ನಿನ ಉಪ್ಸಾಲಾದ ನನ್ನ ಆಫೀಸಿನಲ್ಲಿ, ಫೀಕಾ ಎಂಬ ಕಾಫಿ ವಿರಾಮದ ಕೋಣೆಯ ಕಪಾಟಿನಲ್ಲಿ, ಹೂವಿನ ಚಿತ್ರವಿರುವ ಪಿಂಗಾಣಿ ಕಪ್ಪುಗಳ ನಡುವೆ, ಬಸವನಗುಡಿಯಿಂದ ನನ್ನ ಜೊತೆಗೇ ಬಂದ ಒಂದು ಸ್ಟೀಲ್ ಲೋಟ ಕುಳಿತಿದೆ. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ಕಾಫಿ ಸುರಿದುಕೊಂಡು ಮಾತಿಗೆ ಕೂರುವ ಹದಿನೈದು ನಿಮಿಷಗಳಲ್ಲಿ, ಆ ಲೋಟ ಕೈಯಲ್ಲಿ ಹಿಡಿಯುವಷ್ಟು ಆರುವುದಕ್ಕೆ ಐದು ನಿಮಿಷ ಬೇಕು. ನಾನು ಹೇಳಬೇಕೆಂದಿರುವ ಸ್ವೀಡಿಷ್ ವಾಕ್ಯ ನನ್ನೊಳಗೆ ಹದಕ್ಕೆ ಬರುವುದಕ್ಕೆ ಇನ್ನೂ ಐದು. ಕ್ರಿಯಾಪದ ಸರಿಯಾದ ಜಾಗದಲ್ಲಿದೆಯೇ, ನಾಮಪದಕ್ಕೆ ಹಚ್ಚಿದ ಬಾಲ ಅದರದ್ದೇ ಹೌದೇ ಎಂದೆಲ್ಲ ಒಳಗೊಳಗೇ ತಿದ್ದಿ, ತೀಡಿ, ಬಾಯಿ ತೆರೆಯುವ ಹೊತ್ತಿಗೆ ಮಾತು ಹಿಮದಿಂದ ಹೊರಟು ಯಾರದೋ ಬೇಸಿಗೆಮನೆಯ ಬೇಲಿಯ ಬಣ್ಣಕ್ಕೆ ಹೋಗಿರುತ್ತದೆ. ಹೀಗೆ ನುಂಗಿದ ನಿರ್ದೋಷ ವಾಕ್ಯಗಳು ಹನ್ನೊಂದು ವರ್ಷದಲ್ಲಿ ಎಷ್ಟಾದವೋ ದೇವರೇ ಬಲ್ಲ.

ಈ ದೇಶದಲ್ಲಿ ವರ್ಷಕ್ಕೊಮ್ಮೆ ಮೇಲಧಿಕಾರಿ ನಮ್ಮನ್ನು ಕೂರಿಸಿಕೊಂಡು, ಮೇಣದಬತ್ತಿ ಹಚ್ಚಿ, ಕೇಕು ಕೊಟ್ಟು, ನಮ್ಮ ಕುಂದುಗಳನ್ನು ಹೇಳುವ ಒಂದು ಪದ್ಧತಿಯಿದೆ. ಕುಂದು ಎನ್ನುವುದಿಲ್ಲ, ಬೆಳೆಯಬಹುದಾದ ಕ್ಷೇತ್ರ ಎನ್ನುತ್ತಾರೆ. ನನ್ನ ಮೇಲಧಿಕಾರಿ ಅನ್ನಿಕಾ ಏಳು ವರ್ಷದಿಂದ ನನಗೆ ಒಂದೇ ಕ್ಷೇತ್ರವನ್ನು ಉಡುಗೊರೆಯಾಗಿ ಕೊಡುತ್ತಿದ್ದಾಳೆ: "ನೀನು ಸ್ವಲ್ಪ ಬೇಗ ಹೇಳಬೇಕು. ಪೂರ್ತಿ ಸಿದ್ಧವಾಗುವ ಮುಂಚೆಯೇ ಹೇಳು." ನಾನು ಪ್ರತಿವರ್ಷ ತಲೆಯಾಡಿಸಿ ಕೇಕು ತಿಂದು ಬರುತ್ತೇನೆ. ಈ ಮಾತಿನ ಅರ್ಥ ನನಗೆ ತಿಳಿದದ್ದು ಅನ್ನಿಕಾಳಿಂದಲ್ಲ, ಒಬ್ಬ ಚದುರಂಗದ ಗ್ರ್ಯಾಂಡ್‌ಮಾಸ್ಟರನಿಂದ. ಅವನಿಗೋ ಅದನ್ನು ನಾನೇ ಹೇಳಬೇಕಾಗಿ ಬಂದಿತ್ತು. ಆ ಕಥೆ ಹೇಳುತ್ತೇನೆ, ಬನ್ನಿ.

ಮೆಲ್ವಿನ್ ಕುಂದಾಪುರದ ಕಡೆಯವನು. ಇಲ್ಲಿ ಒಂದು ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನಮ್ಮ ಕನ್ನಡ ಬಳಗದ ದೀಪಾವಳಿ ಊಟದಲ್ಲಿ ಅವನು ಬೆಂಗಳೂರಿನವರ ನಡುವೆ ಬೆಂಗಳೂರಿನವನಂತೆಯೇ ಮಾತಾಡುತ್ತಾನೆ. ಮೈಮರೆತಾಗ ಮಾತ್ರ ಒಂದು "ಮಾರಾಯ್ರೆ" ನುಸುಳಿ, ಕೂಡಲೇ ಒಳಗೆ ಹೋಗುತ್ತದೆ. ಅವನು ಇಪ್ಪತ್ನಾಲ್ಕನೆಯ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆದವನು, ಇಪ್ಪತ್ತೆಂಟಕ್ಕೆ ಪಂದ್ಯಗಳನ್ನು ಬಿಟ್ಟವನು, ಆಮೇಲಿನ ಎಂಟು ವರ್ಷ ಇಂಟರ್ನೆಟ್ಟಿನಲ್ಲಿ ಮಾತ್ರ ಆಡಿದವನು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಬಸ್ಸಿನಲ್ಲಿ ಫೋನಿನ ಜೊತೆ ಚದುರಂಗ ಆಡಿ ಸೋಲುವುದು ನನ್ನ ಹವ್ಯಾಸ ಎಂದು ನಾನು ಬಿಸಿಬೇಳೆಬಾತ್ ಬಡಿಸುತ್ತ ಜಂಬ ಕೊಚ್ಚಿಕೊಂಡದ್ದು ಅವನೆದುರಿಗೇ.

ಆ ನವೆಂಬರಿನಲ್ಲಿ ಅವನು ಮನೆಗೆ ಬಂದು ನೇರವಾಗಿ ವಿಷಯಕ್ಕಿಳಿದ. ಅವನ ಹೆಂಡತಿ ಶೈನಿ ಜನವರಿಯಿಂದ ಕೆಲಸಕ್ಕೆ ಮರಳುತ್ತಾಳೆ. ವರ್ಷ ತುಂಬಲಿರುವ ಮಗಳು ಇವಾಳನ್ನು ನೋಡಿಕೊಳ್ಳಲು ಇವನಿಗೆ ಆರು ತಿಂಗಳ ಅಪ್ಪನ ರಜೆ.

"ಅಕ್ಕಾ, ಈ ರಜೇಲಿ ಮತ್ತೆ ಸೀರಿಯಸ್ಸಾಗಿ ಪ್ರಾಕ್ಟೀಸ್ ಮಾಡಿ, ಈಸ್ಟರ್ ಟೂರ್ನಮೆಂಟ್ ಆಡೋಣ ಅಂತಿದೀನಿ. ಆದ್ರೆ ನನ್ನಲ್ಲಿ ಇನ್ನೂ ಏನಾದ್ರೂ ಉಳ್ದಿದ್ಯಾ ಅಂತ ಗೊತ್ತಾಗ್ಬೇಕು. ನೀವು ಡೇಟಾ ನೋಡೋರಲ್ವಾ, ನನ್ನ ಗೇಮ್ಸ್ ನೋಡಿ ಫ್ರ್ಯಾಂಕಾಗಿ ಹೇಳಿ. ಇಲ್ಲ ಅಂದ್ರೆ ಬೋರ್ಡ್ ಅಟ್ಟಕ್ಕೆ ಹಾಕ್ಬಿಡ್ತೀನಿ."

"ನಂಗೆ ಚೆಸ್ ಬರಲ್ಲಪ್ಪ."

"ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಬರೋರೆಲ್ಲ ನನ್ನ ಫ್ರೆಂಡ್ಸು, ಸುಳ್ಳು ಹೇಳ್ತಾರೆ."

ನನ್ನ ಉದ್ಯೋಗ ಔಷಧ ಪರೀಕ್ಷೆಗಳ ಅಂಕಿಗಳನ್ನು ಓದುವುದು. ಅವನ ಸಂಜೆಯ ಆಟಗಳು, ತಲಾ ಹದಿನೈದು ನಿಮಿಷದವು, ಕೆಲವು ನೂರು ನನ್ನ ಕಂಪ್ಯೂಟರಿಗೆ ಬಂದಿಳಿದವು. ಪ್ರತಿ ನಡೆಯ ಪಕ್ಕ ಎಷ್ಟು ಸೆಕೆಂಡು ಯೋಚಿಸಿದ ಎಂಬ ಲೆಕ್ಕವೂ ಇತ್ತು. ಮನುಷ್ಯನೊಬ್ಬನ ಯೋಚನೆಗೆ ಹೀಗೆ ಗಡಿಯಾರ ಕಟ್ಟಿ ನೋಡುವುದು ಎಂಥ ವಿಚಿತ್ರ ಸಲುಗೆ! ನಾನು ಅವನ ಆಟವನ್ನು ನಡೆಗಳಿಂದಲ್ಲ, ಮೌನಗಳಿಂದ ಓದತೊಡಗಿದೆ. ಅವನು ಹೊಡೆದಾಡುವ ಆಟಗಾರನಲ್ಲ. ಹಬ್ಬದ ಹಿಂದಿನ ದಿನ ಮನೆ ಓರಣ ಮಾಡುವ ಗೃಹಿಣಿಯಂತೆ, ಮೂಲೆಯ ಕುದುರೆಯನ್ನು ಎತ್ತಿ ನಡುಮನೆಗಿಡುತ್ತಾನೆ, ಆನೆಯನ್ನು ಒಂದು ಮನೆ ಸರಿಸುತ್ತಾನೆ, ಸಮಾಧಾನವಾಗದೆ ಮತ್ತೆ ಅಲ್ಲಿಂದೆತ್ತಿ ಇನ್ನೆಲ್ಲೋ ಇಡುತ್ತಾನೆ. ಎದುರಾಳಿಗೆ ಕೂರಲು ಜಾಗವೇ ಇಲ್ಲದಂತಾಗುತ್ತದೆ. ಸೊಗಸಾದ ಆಟ. ಆದರೂ ಅವನು ಬೇಕಾದಷ್ಟು ಸಲ ಸೋಲುತ್ತಿದ್ದ.

ಕಾರಣ ಸಿಕ್ಕಿತೆಂದು ನನಗನಿಸಿತು. ಆಟ ಆಟದಲ್ಲೂ ಅಲ್ಲದಿದ್ದರೂ ಬಹಳಷ್ಟರಲ್ಲಿ, ಹನ್ನೆರಡು ಹದಿನೈದನೆಯ ನಡೆಯ ಸುಮಾರಿಗೆ, ಅವನು ಇದ್ದಕ್ಕಿದ್ದಂತೆ ನಾಲ್ಕು ನಿಮಿಷ ಸ್ತಬ್ಧನಾಗುತ್ತಿದ್ದ. ಹದಿನೈದರಲ್ಲಿ ನಾಲ್ಕು ಎಂದರೆ ಸಾಮಾನ್ಯವೇ? ನಾನು ಅನ್ನಿಕಾಳ ಶೈಲಿಯಲ್ಲೇ ವರದಿ ಬರೆದೆ: ಮೊದಲು ಮೂರು ಗುಣ, ಕೊನೆಗೆ ಬೆಳೆಯಬಹುದಾದ ಕ್ಷೇತ್ರ. "ಆರಂಭದ ನಡೆಗಳ ಓದು ಹಳತಾಗಿರಬಹುದು, ಅದು ಮುಗಿಯುವಲ್ಲಿ ತಾವು ಕಂಗೆಡುವಂತೆ ತೋರುತ್ತದೆ." ಮೀನಿಗೆ ಈಜು ಕಲಿಸಲು ಹೊರಟ ನಾನು ಆ ವಾಕ್ಯವನ್ನು ಒಂಬತ್ತು ಸಲ ತಿದ್ದಿದ್ದೆ.

ಮೆಲ್ವಿನ್ ಓದಿದ. ನಕ್ಕ. ಶೈನಿಯನ್ನು ಕರೆದು ತೋರಿಸಿದ. ಅವಳೂ ನಕ್ಕಳು.

"ಅಕ್ಕಾ, ಅದು ಕಂಗೆಡೋದಲ್ಲ. ಅದು ಇವಾ. ಏಳಕ್ಕೆ ಆಟಕ್ಕೆ ಕೂತ್ರೆ, ಎಷ್ಟೋ ದಿನ ಏಳೂಕಾಲಿಗೆ ಅಳ್ತಾಳೆ. ಎದ್ದು ಹೋಗಿ ಗಂಜಿ ಕುಡ್ಸಿ, ಬೆನ್ನು ತಟ್ಟಿ ಬರ್ತೀನಿ. ಆಟ ಓಡ್ತಾ ಇರತ್ತೆ."

ನನಗೆ ನಾಚಿಕೆಯಾಯಿತು. ಮಗಳೊಬ್ಬಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ ನನಗೆ, ಸಂಜೆ ಏಳೂಕಾಲಿನ ನಾಲ್ಕು ನಿಮಿಷ ಎಂದರೆ ಏನೆಂದು ಹೊಳೆಯಲಿಲ್ಲವಲ್ಲ! ಗಡಿಯಾರ ನೋಡಿದ್ದೆ, ಮನೆ ನೋಡಿರಲಿಲ್ಲ. ವರ್ಷಗಟ್ಟಲೆ ಕಾಯಿಲೆಯವರ ಅಂಕಿಗಳನ್ನು ಓದಿದ್ದೆನಲ್ಲ, ಆ ಅಂಕಿಗಳ ಹಿಂದೆಯೂ ಇಂಥ ಎಷ್ಟು ಗಂಜಿಬಟ್ಟಲುಗಳಿದ್ದವೋ ಎಂಬ ಯೋಚನೆ ಆ ರಾತ್ರಿಯ ನಿದ್ದೆ ಕೆಡಿಸಿತು.

ಆದರೆ ಕುತೂಹಲ ಎಂಬುದು ನಾಚಿಕೆಗಿಂತ ದಪ್ಪ ಚರ್ಮದ ಪ್ರಾಣಿ. ಮರುದಿನ ನಾನು ಆಟಗಳನ್ನು ಎರಡು ರಾಶಿ ಮಾಡಿದೆ: ಇವಾ ಅತ್ತವು, ಇವಾ ಅಳದವು. ನಾಲ್ಕು ನಿಮಿಷ ಕಳೆದುಕೊಂಡ ಆಟಗಳಲ್ಲಿ ಅವನು ಹೆಚ್ಚು ಸೋಲಬೇಕಿತ್ತು. ಅವನು ಹೆಚ್ಚು ಗೆದ್ದಿದ್ದ. ಸ್ವಲ್ಪ ಹೆಚ್ಚಲ್ಲ, ಕಣ್ಣಿಗೆ ಹೊಡೆಯುವಷ್ಟು ಹೆಚ್ಚು. ಇಂಥದ್ದು ಕಂಡಾಗ ನಮ್ಮ ಕಸುಬಿನವರು ಸಂತೋಷಪಡುವುದಿಲ್ಲ, ಅನುಮಾನಪಡುತ್ತಾರೆ. ಆಟ ಸಲೀಸಾಗಿರುವಾಗ ಮಾತ್ರ ಇವನು ಏಳುತ್ತಿರಬಹುದಲ್ಲ ಎಂದು ಫೋನ್ ಮಾಡಿ ಕೇಳಿದೆ.

"ಅಕ್ಕಾ, ಅವಳು ಪೊಸಿಶನ್ ನೋಡಿ ಅಳಲ್ಲ."

ನಾನು ಕುರ್ಚಿಯಲ್ಲೇ ಎದ್ದು ಕೂತೆ. ಔಷಧ ಪರೀಕ್ಷೆಯಲ್ಲಿ ಯಾರಿಗೆ ನಿಜವಾದ ಗುಳಿಗೆ, ಯಾರಿಗೆ ಬರಿಯ ಸಕ್ಕರೆ ಗುಳಿಗೆ ಎಂಬುದನ್ನು ನಾವು ಚೀಟಿ ಎತ್ತಿ ನಿರ್ಧರಿಸುತ್ತೇವೆ. ಮನುಷ್ಯರ ಆಸೆಯ ನೆರಳು ಬೀಳದಿರಲಿ ಎಂದು. ಇಲ್ಲಿ ಚೀಟಿ ಎತ್ತುತ್ತಿದ್ದವಳು ಇವಾ. ಅವಳಿಗಿಂತ ನಿಷ್ಪಕ್ಷಪಾತಿ ಯಾರು?

ಮತ್ತೆ ನಡೆನಡೆಯನ್ನೂ ನೋಡಿದೆ. ಇವಾ ಅಳದ ಸಂಜೆಗಳಲ್ಲಿ ಅವನ ಮುಂದೆ ಒಳ್ಳೆಯ ನಡೆಯೊಂದು ಕಾದು ಕೂತಿರುತ್ತಿತ್ತು. ಅವನು ಆಡುತ್ತಿರಲಿಲ್ಲ. ಇದಕ್ಕಿಂತ ಚೆನ್ನಾದದ್ದಿದೆಯೇ ಎಂದು ಹುಡುಕುತ್ತಿದ್ದ. ಒಮ್ಮೊಮ್ಮೆ ಹುಡುಕಿದ್ದು ಸಿಗುತ್ತಲೂ ಇತ್ತು. ಅಷ್ಟರಲ್ಲಿ ಹೊತ್ತು ತೀರಿ, ಕೊನೆಯ ನಿಮಿಷದ ಗಡಿಬಿಡಿಯಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ಇವಾ ಅತ್ತ ಸಂಜೆ, ಗಂಜಿಯ ಕೈ ಒರೆಸಿಕೊಂಡು ಬಂದು, ಮೊದಲು ಕಂಡ ಒಳ್ಳೆಯ ನಡೆಯನ್ನು ಆಡಿ ಮುಂದೆ ಹೋಗುತ್ತಿದ್ದ. ಅವನು ಸುಧಾರಿಸಬೇಕಾದದ್ದು ಒಂದೇ: ಸುಧಾರಿಸುವುದನ್ನು ಎಲ್ಲಿ ನಿಲ್ಲಿಸಬೇಕೆಂಬುದು.

ಇದನ್ನು ಹೇಳುವುದು ಹೇಗೆ? ಫೋನಿನ ಮೂರನೆಯ ಮಟ್ಟಕ್ಕೇ ಸೋಲುವ ನಾನು, ಗ್ರ್ಯಾಂಡ್‌ಮಾಸ್ಟರಿಗೆ? ಮೇಣದಬತ್ತಿ ಹಚ್ಚಿ, ಕೇಕಿನ ಮೇಲಿಟ್ಟು ಕೊಡುವಂತೆ ಮತ್ತೊಂದು ವರದಿ ಬರೆಯತೊಡಗಿದೆ. ಮೂರನೆಯ ತಿದ್ದುಪಡಿಯಲ್ಲಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಇವನ ಕಾಯಿಲೆಯನ್ನು ಕಂಡುಹಿಡಿದ ಹೆಮ್ಮೆಯಲ್ಲಿ ಇದ್ದೇನಲ್ಲ, ನನ್ನದೂ ಅದೇ ಅಲ್ಲವೇ? ಬರೆದದ್ದನ್ನು ಅಳಿಸಿ, ಒಂದೇ ಸಾಲು ಟೈಪು ಮಾಡಿ, ಮತ್ತೆ ಓದದೆ ಕಳಿಸಿದೆ: "ಗೆಲ್ಲೋ ನಡೆ ಸಿಕ್ಕಿದ ಮೇಲೆ ಅದಕ್ಕಿಂತ ಚೆನ್ನಾಗಿರೋದನ್ನ ಹುಡುಕಿ ಸೋಲ್ತೀಯ ನೀನು."

ಮೂರು ದಿನ ಉತ್ತರವಿಲ್ಲ. ನಾನು ಫೋನನ್ನು ನೋಡಿ ನೋಡಿ ಸಣ್ಣಗಾದೆ. ನಾಲ್ಕನೆಯ ದಿನ ಬಂದ.

"ನನ್ನ ಕೋಚ್ ಇದನ್ನೇ ಹೇಳಿದ್ರು, ನಾನು ಆಟ ಬಿಡೋ ವರ್ಷ. ಬೇಜಾರಾಗಿ ಅವರತ್ರ ಹೋಗೋದೇ ನಿಲ್ಸಿದ್ದೆ. ಈಸ್ಟರ್‌ಗೆ ಆಡ್ತೀನಿ. ಆದ್ರೆ ಅಲ್ಲಿ ನಂಗೆ ಒಂದೂವರೆ ಗಂಟೆ ಟೈಮ್ ಇರತ್ತೆ, ಇವಾ ಇರಲ್ಲ. ಅಲ್ಲೂ ಇದೇ ಆದ್ರೆ, ಇನ್ನು ಆ ಕಡೆ ತಲೆ ಹಾಕಲ್ಲ. ಖಂಡಿತ."

ಈಸ್ಟರ್ ಬಂತು. ಪಂದ್ಯ ನಡೆದದ್ದು ಒಂದು ಶಾಲೆಯಲ್ಲಿ. ಮೊದಲ ದಿನ ನಾನು ನೋಡನೋಡುತ್ತಿದ್ದಂತೆ ಅವನು ಗೆಲ್ಲುವ ಆಟದಲ್ಲಿ ನಲವತ್ತು ನಿಮಿಷ ಮುಳುಗಿ, ಸಮಯ ತೀರಿ ಸೋತ. "ಬೆಸ್ಟ್ ಮೂವ್ ಸಿಕ್ಕಿತ್ತು ಅಕ್ಕಾ" ಎಂದ, ಅಂಗಳದಲ್ಲಿ ಸೈಕಲ್ಲಿನ ಬೀಗ ತೆಗೆಯುತ್ತ. ಅವನ ಮುಖ ನೋಡಲಾಗಲಿಲ್ಲ. ಮೂರು ದಿನ ಫೋನಿನ ಮುಂದೆ ನಾನು ಪಟ್ಟ ಪಾಡು ಏನೂ ಅಲ್ಲ ಎನಿಸಿತು.

ಎರಡನೆಯ ದಿನದ ಆಟವನ್ನು ಅವನು ಗೆದ್ದನೆಂದು ಮೊದಲೇ ಹೇಳಿಬಿಡುತ್ತೇನೆ, ನೀವು ಉಸಿರು ಬಿಗಿಹಿಡಿದು ಕೂರುವುದು ಬೇಡ. ನಾನು ಹೇಳಬೇಕಾಗಿರುವುದು ಗೆಲ್ಲುವ ಮುಂಚಿನ ಅರ್ಧ ಗಂಟೆ. ಮತ್ತೆ ಅವನದೇ ಮೇಲುಗೈ. ಆನೆಯನ್ನು ತೆರೆದ ಸಾಲಿಗೆ ತರುವ ನಡೆ ನನ್ನಂಥವಳಿಗೂ ಕಾಣುತ್ತಿತ್ತು. ಮತ್ತೆ ಅವನು ಎರಡು ಕೈಯಲ್ಲಿ ತಲೆ ಹಿಡಿದು ಮುಳುಗಿದ. ಇಪ್ಪತ್ತು ನಿಮಿಷ ಹೋಯಿತು. ಪ್ರೇಕ್ಷಕರು ಉಸಿರೆತ್ತುವಂತಿಲ್ಲ. ಆಗ ಅವನು ತಟ್ಟನೆ ಎದ್ದ. ತನ್ನ ಸರದಿಯಿರುವಾಗ ಆಟಗಾರ ಅನುಮತಿಯಿಲ್ಲದೆ ಹೊರಗೆ ಹೋಗುವಂತಿಲ್ಲ ಎಂಬುದು ನಿಯಮ. ಅವನು ಬೆಳ್ಳಿಗೂದಲಿನ ತೀರ್ಪುಗಾರ್ತಿಯ ಬಳಿ ಹೋಗಿ ಪಿಸುಗುಟ್ಟಿದ: ಹೊರಗೆ ಅಂಗಳದಲ್ಲಿ ಹೆಂಡತಿಯ ಜೊತೆಗಿರುವ ಮಗುವನ್ನು ನೋಡಿ ಬರಬೇಕು. ಈ ದೇಶದಲ್ಲಿ ರಜೆಯಲ್ಲಿರುವ ಅಪ್ಪನಿಗೆ ಯಾರೂ ಅದನ್ನು ಬೇಡ ಎನ್ನುವುದಿಲ್ಲ. ಆದರೆ ಹೊರಗೆ ಯಾರಾದರೂ ನಡೆ ಹೇಳಿಕೊಟ್ಟರೆ? ಆಕೆ ತನ್ನ ಕೆಲಸವನ್ನು ಸಹಾಯಕನಿಗೊಪ್ಪಿಸಿ, ಕೋಟು ಹಾಕಿಕೊಂಡು ಅವನ ಜೊತೆಗೇ ಹೊರಟಳು. ಅವರ ಹಿಂದೆ ನಾನು. ಒಳಗೆ ಅವನ ಗಡಿಯಾರ ಓಡುತ್ತಲೇ ಇತ್ತು.

ಅಂಗಳದ ಗೋಡೆಯ ಬದಿಗೆ, ಕರಗಿ ಉಳಿದ ಹಿಮದ ಪಕ್ಕ, ಇಲ್ಲಿನ ಎಲ್ಲ ಮಕ್ಕಳಂತೆ ಇವಾ ಹೊರಗಿನ ಚಳಿಯಲ್ಲೇ ತಳ್ಳುಗಾಡಿಯಲ್ಲಿ ಮಲಗಿದ್ದಳು. ಶೈನಿ ಬೆಂಚಿನಿಂದ ಗಾಬರಿಯಾಗಿ ಎದ್ದಳು.

"ಮಲಗಿದಾಳೆ. ಎಂತ ಮಾರಾಯ್ರೆ, ಆಟ ಬಿಟ್ಟು ಬಂದ್ರಾ? ನಿಮ್ಮನ್ನ ಯಾರು ಕರೆದದ್ದು?"

ತೀರ್ಪುಗಾರ್ತಿ ಬೆರಳೆತ್ತಿದಳು. ತನಗೆ ತಿಳಿಯದ ಭಾಷೆಯಲ್ಲಿ ಆಟಗಾರನೊಡನೆ ಮಾತು ಬೇಡ ಎಂದು ಮೆಲ್ಲಗೆ ಹೇಳಿ, ನನ್ನ ಕಡೆ ತಿರುಗಿದಳು: ಈಗ ಈಕೆ ಏನೆಂದಳು? ಗಡಿಯಾರ ಓಡುತ್ತಿದೆ. ನಾನು ಬಾಯಿ ತೆರೆದೆ. ಬಂದದ್ದು ಬಂದ ಹಾಗೆ, ಬಾಲ ಎಲ್ಲೋ ತಲೆ ಎಲ್ಲೋ ಆದ ಸ್ವೀಡಿಷ್‌ನಲ್ಲಿ ಹೇಳಿಬಿಟ್ಟೆ: ಮಗು ನಿದ್ದೆ, ಇವನನ್ನು ಕರೆದವರು ಯಾರು ಅಂತ ಕೇಳುತ್ತಾಳೆ. ಆಕೆಗೆ ಪೂರ್ತಿ ಅರ್ಥವಾಯಿತು. ಅರ್ಥವಾಗಿ, ತನಗೂ ಅದೇ ತಿಳಿಯಬೇಕೆಂಬಂತೆ ಮೆಲ್ವಿನ್‌ನ ಮುಖ ನೋಡಿದಳು.

ಅವನು ಗಾಡಿಯೊಳಗೆ ಬಗ್ಗಿ, ಮಗುವಿನ ಟೋಪಿಯನ್ನು ಕಿವಿಯ ಮೇಲೆ ಎಳೆದ. ಅವಳು ಅಲುಗಲೂ ಇಲ್ಲ. ನೆಟ್ಟಗೆ ನಿಂತು, ಎಲ್ಲರಿಗೂ ತಿಳಿಯುವ ಸ್ವೀಡಿಷ್‌ನಲ್ಲಿ ಅವನು ಹೇಳಿದ:

"ಯಾರೂ ಕರೆಯಲಿಲ್ಲ. ನಾನೇ ಎದ್ದು ಬಂದೆ."