ಬಣವೆಯ ಆಚೆ ಬದಿ

ಮಂಗ ಬೆದರಿಸುವ ಛರ್ರೆ ಬಂದೂಕು ಹಿಡಿದರೆ ಹಾನಗಲ್ ತಾಲೂಕಿನಲ್ಲೇ ನನ್ನ ಗುರಿಗೆ ಎದುರಿಲ್ಲ. ನಂಬಿಕೆ ಬಾರದಿದ್ದರೆ ನನ್ನನ್ನೇ ಕೇಳಿ. ಮೊಮ್ಮಗಳಿಗೆ ಹದಿನಾಲ್ಕು ತುಂಬಿದಾಗ ಅವಳಿಗೂ ಕಲಿಸಲು ಹೊರಟೆ. ಭತ್ತದ ಹುಲ್ಲಿನ ಬಣವೆಗೆ ತೆಂಗಿನ ಚಿಪ್ಪು ಸಿಕ್ಕಿಸಿದೆ. ಗುರಿ ತಪ್ಪಿದರೂ ಛರ್ರೆಯನ್ನು ಹುಲ್ಲು ನುಂಗುತ್ತದೆ.

“ಹಿಂದ ಯಾರದೀರಿ?” ಎಂದು ಕೂಗಿದೆ. ಉತ್ತರ ಬರಲಿಲ್ಲ.

“ಯಾರೂ ಇಲ್ಲೋ ಅಜ್ಜಾ. ಹೊಡೀಲೇನು?”

“ತಡಿ. ಬಂದೂಕ ಕೆಳಗಿಡು. ನೋಡಿ ಬರ್ತೇನಿ.”

“ಅಂಜಿದ್ಯೇನು ಮುದುಕಾ?”

“ದೆವ್ವ ಸಿಕ್ಕರ ನಿನ್ನ ಕಡೀಗೇ ಕಳಸ್ತೇನಿ” ಎಂದು ಅಣಕಿಸುತ್ತ ಬಣವೆ ಸುತ್ತಿ ಹೋದೆ.

ನೆರಳಿನ ಬದಿಯಿಂದ ದಿನಾ ಹುಲ್ಲು ಹಿರಿದು ಹಿರಿದು ಬಣವೆಯೊಳಗೆ ಗವಿಯಾಗಿತ್ತು. ಅದರಲ್ಲಿ, ಚಿಪ್ಪಿನ ನೇರಕ್ಕೆ, ಕಿವಿ ಕೇಳದ ನನ್ನ ಹೆಂಡತಿ ಎಮ್ಮೆಗೆ ಹುಲ್ಲು ಹಿರಿಯುತ್ತ ಕೂತಿದ್ದಳು. ನಡುವೆ ಉಳಿದದ್ದು ಗೇಣು ಹುಲ್ಲು. ಹಿಂದೆಯೇ ಬಂದ ಹುಡುಗಿ ಆ ಹುಲ್ಲಿಗೆ ತನ್ನ ಗೇಣು ಇಟ್ಟು ನೋಡಿದಳು.

ಚಿಪ್ಪನ್ನು ನೀರಿಲ್ಲದ ಕೃಷಿಹೊಂಡದ ಮಣ್ಣಿನ ಗೋಡೆಗೆ ಒಯ್ದೆವು. ಹೆಂಡತಿಯನ್ನು ನಮ್ಮ ಬೆನ್ನ ಹಿಂದೆ ಕೂರಿಸಿದೆವು. ಹೊಡೆಯುವ ಮುಂಚೆ ಪ್ರತಿ ಸಲವೂ ಹುಡುಗಿ ತಿರುಗಿ ಅವಳನ್ನು ನೋಡಿದಳು. ಕೊನೆಗೆ ಚಿಪ್ಪು ಉರುಳಿತು. ಜಂಬ ಕೊಚ್ಚಲು ನನಗೆ ಬಾಯಿ ಬರಲಿಲ್ಲ.

“ಚಲೋ ಹೊಡದಾಳ” ಎಂದಳು ಹೆಂಡತಿ. “ಯಾಕ, ಇಬ್ರೂ ನಗವಲ್ರಿ?”