ಇಳಿಜಾರಿನಲ್ಲಿ ತಳ ಸಿಗದ ಕುಣಿ

ಮೂರನೆಯ ಕಂಬಕ್ಕೆ ಕುಣಿ ತೋಡುತ್ತಿದ್ದ ಭೀಮಣ್ಣನ ಕೈಯಿಂದ ಹಾರೆ ಜಾರಿ ನೆಲದೊಳಗೆ ಹೋಯಿತು. ಹೋಯಿತು ಎಂದರೆ ಪೂರ್ತಿ ಹೋಯಿತು. ಆಳೆತ್ತರದ ಕಬ್ಬಿಣದ ಹಾರೆ, ಹಾಡಹಗಲಿನಲ್ಲಿ, ನಮ್ಮಿಬ್ಬರ ಕಣ್ಣೆದುರಿಗೇ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತಿನ ಮೇಲೆ ಕೆಳಗಿನಿಂದ ಸದ್ದು ಬಂತು. ಕಲ್ಲಿಗೆ ಬಡಿದ ಸದ್ದಲ್ಲ, ಯಾರೋ ಮೆತ್ತನೆಯ ಹಾಸಿಗೆಯ ಮೇಲೆ ಕುಳಿತಂಥ ಸದ್ದು. ಕುಣಿಯ ಬಾಯಿಯಿಂದ ಬೆಚ್ಚನೆಯ ಗಾಳಿ ಎದ್ದು ನನ್ನ ಮುಖಕ್ಕೆ ತಾಗಿತು. ಅದರಲ್ಲಿ ಮುಗ್ಗಿದ ಹಿಟ್ಟಿನ ವಾಸನೆಯಿತ್ತು.

ನವಲಗುಂದದ ಕಡೆಯವರು ಫೋನಿನಲ್ಲಿ ಕೇಳುತ್ತಿರುತ್ತೀರಿ, ಪುಣೆ ಒಗ್ಗಿತೇನು ಎಂದು. ಒಗ್ಗಿದೆ ಎಂದೇ ಹೇಳುತ್ತ ಬಂದಿದ್ದೇನೆ. ಗಂಡನಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ನೌಕರಿ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ನಿಗಡಿಯ ಎರಡು ಕೋಣೆಯ ಮನೆಯಲ್ಲಿ ಮೊದಲ ವರ್ಷ ನಾನು ಗೋಡೆಯ ಜೊತೆ ಕನ್ನಡ ಮಾತಾಡಿದ್ದೇನೆ. ಆಮೇಲೆ ಜೋಳದ ರೊಟ್ಟಿ ನನ್ನನ್ನು ಉಳಿಸಿತು. ಇಲ್ಲಿಯವರ ಭಾಕರಿ ದಪ್ಪ, ಬಿಸಿಯಿದ್ದಾಗಲೇ ತಿನ್ನಬೇಕು. ನಮ್ಮ ಖಡಕ್ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ ಎಂದಾಗ ಓಣಿಯ ಹೆಂಗಸರು ನಕ್ಕರು. ತಿಂದ ಮೇಲೆ ಅವರೇ ಬಂದು ಕೇಳಿದರು. ಈಗ ಆರು ಜನ ಹೆಂಗಸರು ನನ್ನ ಜೊತೆ ರೊಟ್ಟಿ ಬಡಿಯುತ್ತಾರೆ. ಅಪಾರ್ಟ್‌ಮೆಂಟಿನವರು ಸದ್ದಿಗೆ ಗೊಣಗಲು ಶುರು ಮಾಡಿದ್ದರಿಂದ ದೇಹೂ ರೋಡ್ ದಾಟಿ ಗುಡ್ಡದ ಮಗ್ಗುಲಲ್ಲಿ ಒಂದು ತುಂಡು ಜಾಗ ತೆಗೆದುಕೊಂಡೆವು. ಕಂಬ ನೆಟ್ಟು, ಮೇಲೆ ತಗಡಿನ ಪತ್ರಾ ಹೊದಿಸಿದರೆ ಶೆಡ್ಡು. ಅಷ್ಟೇ ನನ್ನ ಆಸೆ.

ಆದರೆ ಜಾಗ ಇಳಿಜಾರು. ನಮ್ಮ ಎರೆ ಸೀಮೆಯಲ್ಲಿ ಹುಟ್ಟಿದವರಿಗೆ ನೆಲ ಎಂದರೆ ಮಡಚಿಟ್ಟ ಕಂಬಳಿ ಬಿಚ್ಚಿ ಹಾಸಿದ ಹಾಗೆ ಸಪಾಟು. ಇಲ್ಲಿ ಒಂದು ಕೊಡ ಇಟ್ಟರೆ ಉರುಳಿ ರಸ್ತೆಗೆ ಹೋಗುತ್ತದೆ. ಮೇಲಿನ ಮಗ್ಗುಲನ್ನು ಜೇಸಿಬಿಯಿಂದ ಕೊರೆದು, ಆ ಮುರುಮನ್ನು, ಅಂದರೆ ನಮ್ಮ ಕಡೆಯ ಗರಸನ್ನು, ಕೆಳಗಿನ ಮಗ್ಗುಲಿಗೆ ತುಂಬುವುದು. ಒಂದು ಗೇಣು ತುಂಬು, ನೀರು ಹಾಯಿಸು, ಬಡಿ, ಮತ್ತೆ ತುಂಬು. ಈ ಕೆಲಸಕ್ಕೆ ಸಿಕ್ಕವನು ಭೀಮಣ್ಣ. ಇಂಡಿ ತಾಲೂಕಿನವನು, ಪುಣೆಯಲ್ಲಿ ಕಟ್ಟಡದ ಕೆಲಸ ಮಾಡಿಕೊಂಡಿರುವವನು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ಮೂಲೆಯ ಗೂಟಕ್ಕೆ ಹಿಡಿದು ಮಟ್ಟ ನೋಡುವುದರಲ್ಲಿ ಅವನ ಕಣ್ಣು ಬಹಳ ಚುರುಕು.

ಆ ಕಣ್ಣೂ ಸೋತಿತು. ಸಂಜೆ ಮಟ್ಟವಾದ ನೆಲ ಬೆಳಿಗ್ಗೆ ಒಂದು ಕಡೆ ಕುಸಿದಿರುತ್ತಿತ್ತು. ಅಡ್ಡಾದಿಡ್ಡಿಯಲ್ಲ, ದುಂಡಗೆ, ಹಿಟ್ಟು ನಾದುವ ಪರಾತ ಇಟ್ಟು ಒತ್ತಿದ ಹಾಗೆ. ಮಳೆ ಇರಲಿಲ್ಲ, ನಾಯಿ ಕೆದರಿರಲಿಲ್ಲ. ಸುತ್ತ ಎಲ್ಲ ಇಬ್ಬನಿ ಬಿದ್ದಿದ್ದರೂ ಆ ದುಂಡಿನೊಳಗೆ ಮಣ್ಣು ಒಣಗಿರುತ್ತಿತ್ತು. ಮತ್ತೆ ತುಂಬಿ ಬಡಿದರೆ ಬೇರೆ ಕಡೆ ಬರುವ ಗಟ್ಟಿ ಸದ್ದು ಅಲ್ಲಿ ಬರುತ್ತಿರಲಿಲ್ಲ, ಒಳಗಿನಿಂದ ಯಾರೋ ತಿರುಗಿ ಬಡಿದಂತೆ ಕೇಳುತ್ತಿತ್ತು.

"ಅಕ್ಕಾರ, ಈ ನೆಲ ಉಣ್ಣಾಕತ್ತೈತ್ರಿ," ಎಂದ ಭೀಮಣ್ಣ ಮೂರನೆಯ ದಿನ.

"ಉಣ್ಲಿ ಬಿಡು, ಹೊಟ್ಟಿ ತುಂಬಿದ ಮ್ಯಾಲೆ ಸುಮ್ನಾಗ್ತದ. ಇನ್ನೆರಡು ಟ್ರಿಪ್ ಹಾಕ್ಸು," ಎಂದೆ ನಾನು. ಹೆದರಿದಾಗ ನನ್ನ ಬಾಯಿ ಹೆಚ್ಚು ಜೋರಾಗುತ್ತದೆ.

ಇನ್ನೊಬ್ಬಳಿದ್ದಳು. ಕೆಳಗಿನ ಹೆಂಚಿನ ಮನೆಯ ಸಖೂಬಾಯಿ. ಈ ಗುಡ್ಡದ ಮಗ್ಗುಲು ಹಿಂದೆ ಅವಳ ಗಂಡನ ಮನೆಯವರದು, ಮೈದುನನ ಮಕ್ಕಳು ನಮಗೆ ಮಾರಿದ್ದರು. ದಿನಾ ಬೆಳಿಗ್ಗೆ ಒಂಬತ್ತು ಗಜದ ಸೀರೆ ಕಚ್ಚೆ ಹಾಕಿಕೊಂಡು ಮೇಲೆ ಬರುತ್ತಿದ್ದಳು. ಜಾಗದ ನಡುವೆ ನೆಟ್ಟಗೆ ನಡೆದು ಬಂದವಳು ಆ ಕುಸಿದ ಕಡೆ ಬಂದಾಗ ಮಾತ್ರ ಸುತ್ತು ಹಾಕಿ ಹೋಗುತ್ತಿದ್ದಳು, ಅಲ್ಲಿ ಯಾರೋ ಮಲಗಿದ್ದಾರೆ ಎನ್ನುವಂತೆ. ನನ್ನನ್ನು ಕಂಡರೆ, "ತಿಥಂ ಪಾಯ್ ಠೇವೂ ನಕೋ," ಎನ್ನುತ್ತಿದ್ದಳು. ಅಲ್ಲಿ ಕಾಲಿಡಬೇಡ ಎಂದು. ಮುಂದೆ ಇನ್ನೂ ಏನೋ ಹೇಳಲು ಬಾಯಿ ತೆರೆಯುವಳು. ನಾನು "ಹೋ ಆಜೀ, ಹೋ," ಹೌದಜ್ಜಿ ಹೌದು, ಎನ್ನುತ್ತ ಬೇರೆ ಕಡೆ ಹೋಗಿಬಿಡುತ್ತಿದ್ದೆ. ಜಮೀನು ಕೈಬಿಟ್ಟ ಸಂಕಟಕ್ಕೆ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದೆ. ಹೊಸಬರ ಸೊಕ್ಕು ಎಂದರೆ ಇದೇ. ಖರೀದಿ ಪತ್ರ ಕೈಗೆ ಬಂದ ದಿನದಿಂದಲೇ ಜಾಗದ ಹುಟ್ಟು ಎಂದು ತಿಳಿಯುತ್ತೇವೆ.

ಈಗ ಹಾರೆ ಹೋದ ದಿನಕ್ಕೆ ಬರುತ್ತೇನೆ. ಮರುದಿನ ಪತ್ರಾದ ಟೆಂಪೊ ಬರುವುದಿತ್ತು, ಆ ಕುಸಿಯುವ ದುಂಡಿನೊಳಗೇ ಆದರೂ ಮೂರನೆಯ ಕಂಬ ನಿಲ್ಲಲೇಬೇಕಿತ್ತು. ಭೀಮಣ್ಣ ಸಲಿಕೆಯಿಂದ ಮಣ್ಣು ಸರಿಸಿದಾಗ ಒಡೆದ ಚಪ್ಪಡಿ ಕಲ್ಲೊಂದು ಕಂಡಿತು, ಅದರ ಕೆಳಗೆ ಒಬ್ಬ ಮನುಷ್ಯ ತೂರುವಷ್ಟು ದುಂಡನೆಯ ಕತ್ತಲೆ.

"ಇಳದು ತಗೊಂಬರ್ಲೇನ್ರಿ ಅಕ್ಕಾರ?" ಎಂದು ಅವನು ಕೇಳಿದ.

"ಹಗ್ಗ ಕಟ್ಕೊಂಡು ಇಳಿ. ಲಗೂ ಬಾ," ಎಂದೆ.

ಹೌದು, ನಾನೇ ಹೇಳಿದೆ.

ಹಗ್ಗದ ಇನ್ನೊಂದು ತುದಿಯನ್ನು ಬದಿಗೆ ನಿಂತಿದ್ದ ಜೇಸಿಬಿಗೆ ಕಟ್ಟಿ, ಅದರ ಡ್ರೈವರನಿಗೆ ನೋಡಿಕೊಳ್ಳಲು ಹೇಳಿ ಭೀಮಣ್ಣ ಇಳಿದ. ಇಳಿಯುತ್ತ ಮಾತಾಡುತ್ತಿದ್ದ. "ಒಳಗ ಭಾಳ ಅಗಲ ಐತ್ರಿ. ಗಡಿಗಿ ಇದ್ದಂಗ ಐತಿ. ಗ್ವಾಡಿಗೆ ಹುಲ್ಲಿನ ಹಗ್ಗ ಸುತ್ಯಾರ್ರಿ." ಅವನ ದನಿ ಕುಣಿಯಿಂದಲ್ಲ, ನನ್ನ ಕಾಲ ಕೆಳಗಿನಿಂದ ಬರುತ್ತಿತ್ತು. "ತಳದಾಗ ಜ್ವಾಳ ಅದಾವ್ರಿ, ಕರ್ರಗ ಆಗ್ಯಾವ," ಎಂದ. ಆಮೇಲೆ ಏನೂ ಹೇಳಲಿಲ್ಲ.

"ಭೀಮಣ್ಣಾ," ಎಂದು ಕರೆದೆ. ನನ್ನ ದನಿಯೇ ದಪ್ಪಗಾಗಿ ತಿರುಗಿ ಬಂತು.

ಆಗ ಸಖೂಬಾಯಿ ಏದುಸಿರು ಬಿಡುತ್ತ ಮೇಲೆ ಬಂದಳು. ಕುಣಿ ನೋಡಿದಳು, ಹಗ್ಗ ನೋಡಿದಳು. "ದಿವಾ ಸೋಡ್ಲಾ ಕಾ?" ಎಂದಳು. ದೀಪ ಇಳಿಬಿಟ್ಟು ನೋಡಿದೆಯಾ ಎಂದು.

ಹಗೇವು! ನಮ್ಮ ಅಪ್ಪನ ಮನೆಯ ಅಂಗಳದಲ್ಲಿ ಎರಡಿದ್ದವು. ನೆಲದೊಳಗಿನ ಜೋಳದ ಕಣಜ. ಬಾಯಿ ತೆಗೆದ ದಿನ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಗಾಳಿ ವಿಷ. ಮರುದಿನ ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಆರು ವರ್ಷದವಳಿದ್ದಾಗಲೇ ನನಗೆ ಇದು ಗೊತ್ತಿತ್ತು. ಆ ಬಿಸಿ ಗಾಳಿ, ಆ ಹಿಟ್ಟಿನ ವಾಸನೆ, ಎಲ್ಲ ಗೊತ್ತಿತ್ತು. ಇಲ್ಲಿಯವರೂ ಜೋಳ ತಿನ್ನುವವರು, ಇಲ್ಲಿಯ ನೆಲದಲ್ಲೂ ಅದು ಇದ್ದೀತು ಎಂದು ನನ್ನ ಹಾಳು ತಲೆಗೆ ಹೊಳೆಯಲೇ ಇಲ್ಲ.

ಜೇಸಿಬಿಯ ಡ್ರೈವರ್, ನಾನು, ಆ ಮುದುಕಿ, ಮೂವರೂ ಹಗ್ಗ ಜಗ್ಗಿದೆವು. ಭೀಮಣ್ಣ ಚೀಲದಂತೆ ಮೇಲೆ ಬಂದ. ತುಟಿ ನೀಲಿ, ಕಣ್ಣು ಅರ್ಧ ತೆರೆದಿತ್ತು. ಸಖೂಬಾಯಿ ಅವನನ್ನು ಗಾಳಿಗೆ ಮಲಗಿಸಿ ಎದೆ ತಿಕ್ಕಿದಳು. ಎಷ್ಟೋ ಹೊತ್ತಿನ ಮೇಲೆ ಅವನು ಕೆಮ್ಮಿದ. ಆ ಕೆಮ್ಮು ಕೇಳಿ ನಾನು ಮಣ್ಣಿನಲ್ಲಿ ಕುಕ್ಕರಿಸಿ ಜೋರಾಗಿ ಅತ್ತೆ.

ಆಸ್ಪತ್ರೆಯಲ್ಲಿ ಎರಡನೆಯ ದಿನ ಅವನಿಗೆ ಸರಿಯಾಗಿ ಮಾತು ಬಂತು. ನಾನು ತಪ್ಪಾಯಿತು ಎಂದೆ.

"ನಾನೂ ಹಗೇವು ಕಂಡಾವನ ಅಕ್ಕಾರ. ನನಗೂ ನೆನಪಾಗ್ಲಿಲ್ಲ," ಎಂದ. ಮತ್ತೆ ಕೇಳಿದ: "ಊರಾಗ ಆಗಿದ್ರ ಆ ಮುದುಕಿ ಮಾತು ನೀವು ಕೇಳ್ತಿದ್ರಿ, ಹೌದಲ್ರಿ?"

"ಹೌದು," ಎಂದೆ. ಸುಳ್ಳು ಹೇಳುವ ಧೈರ್ಯವಾಗಲಿಲ್ಲ. ಊರಿನಲ್ಲಿ ಯಾವ ಹೊಲದ ಬದುವಿಗೆ ಕೈ ಹಾಕಿದರೂ ಮೊದಲು ಓಣಿಯ ಹಿರಿಯರನ್ನು ಕೇಳುತ್ತೇವೆ. ಇಲ್ಲಿ ಹನ್ನೆರಡು ವರ್ಷವಿದ್ದು ನಾನು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಮಾರಾಟ ಮಾಡುವಷ್ಟು ಮರಾಠಿ ಕಲಿತಿದ್ದೆ, ಅಷ್ಟೇ.

ಅಲ್ಲಿಂದ ನೆಟ್ಟಗೆ ಜಾಗಕ್ಕೆ ಹೋದೆ. ಸಖೂಬಾಯಿ ಮೇಲೆಯೇ ಇದ್ದಳು. ಮೊದಲೇ ಯಾಕೆ ಹೇಳಲಿಲ್ಲ ಆಜೀ ಎಂದು ಕೇಳಿದೆ. "ತೂ ವಿಚಾರ್ಲಂಸ್ ಕುಠಂ?" ಎಂದಳು. ನೀನು ಕೇಳಿದ್ದಾದರೂ ಎಲ್ಲಿ ಎಂದು. ಅದರಲ್ಲಿ ಸಿಟ್ಟಿರಲಿಲ್ಲ.

"ಈಗ ಕೇಳ್ತೀನಿ. ಕಂಬ ಎಲ್ಲಿ ಹುಗಿಯಲಿ?" ಎಂದೆ ನನ್ನ ಹರಕು ಮರಾಠಿಯಲ್ಲಿ.

ಅವಳು ಚಪ್ಪಲಿ ಬಿಟ್ಟು, ನಾವು ಬಡಿದು ಮಟ್ಟ ಮಾಡಿದ ನೆಲದ ಮೇಲೆ ಬರಿಗಾಲಿನಲ್ಲಿ ನಡೆದಳು. ಜೋಳದ ಕಣಜಕ್ಕೆ ಇಲ್ಲಿ ಪೇವ್ ಎನ್ನುತ್ತಾರೆ. "ಹೇ ಮೋಠ್ಯಾ ಜಾವೇಚಂ ಪೇವ್," ಎನ್ನುತ್ತ ಒಂದು ಕಡೆ ಹೆಬ್ಬೆರಳಿನಿಂದ ಗೆರೆ ಎಳೆದಳು. ಅದು ಹಿರಿಯ ಓರಗಿತ್ತಿಯದು. ಹತ್ತು ಹೆಜ್ಜೆ ಆಚೆ ಇನ್ನೊಂದು ಗೆರೆ. ಅದು ಅತ್ತೆಯದು. ಬೇಲಿಯ ಹತ್ತಿರ ಮತ್ತೊಂದು. ಅಲ್ಲೆಲ್ಲ ನಾನು ವಾರಗಟ್ಟಲೆ ಓಡಾಡಿದ್ದೆ, ಹೆಂಗಸರನ್ನು ಕೂರಿಸಿ ಊಟ ಮಾಡಿಸಿದ್ದೆ.

ಕೊನೆಗೆ ಅವಳು ನನ್ನ ಎದುರಿಗೆ ಬಂದು ನಿಂತು ನನ್ನ ಕಾಲನ್ನೇ ನೋಡಿದಳು. "ಹೇ ಮಾಝಂ," ಇದು ನನ್ನ ಪೇವ್, ಎಂದಳು. "ಸರಕ್ ಜರಾ." ಸ್ವಲ್ಪ ಸರಿ ಎಂದು.

ನಾನು ಒಂದು ಕಾಲೆತ್ತಿದೆ. ಎಲ್ಲಿಡಲಿ ಎಂದು ಅವಳನ್ನೇ ಕೇಳಿದೆ.